ಉಪ್ಪು ಬೆವರದ ಗೋಡೆ

ಇನ್ಸ್‌ಪೆಕ್ಟರ್ ಕೊನೆಯ ಗೋಡೆಗೆ ಒತ್ತಿದ ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ಎಡಗಡೆಯ ಗೋಡೆಯ ಹತ್ತಿರ ಹೋಗಿ ಇನ್ನೊಂದು ಬೆರಳನ್ನು ಒತ್ತಿ ಅದನ್ನೂ ನಾಲಿಗೆಗೆ ತಾಗಿಸಿದಳು.

ಹಿಂದೆ ನಿಂತಿದ್ದ ದಫೇದಾರ ಕೆಮ್ಮಿದ.

"ಮೇಡಂ, ಬೆಳಿಗ್ಗೆ ತಿಂಡಿ ಆಗಿಲ್ವಾ?"

"ನೀವೂ ಒಂದು ಸಲ ನೋಡಿ ದಫೇದಾರ್ರೇ."

"ಗೋಡೆ ನೆಕ್ಕೋದಾ? ನಮ್ಮ ಮನೆಯವಳಿಗೆ ಗೊತ್ತಾದ್ರೆ ನಾಳೆಯಿಂದ ಡಬ್ಬಿ ಕಟ್ಟಿಕೊಡೋದೇ ನಿಲ್ಲಿಸ್ತಾಳೆ."

ಗೊಣಗಿದರೂ ಅವನು ಹೇಳಿದಂತೆ ಮಾಡಿದ. ಎಡಗಡೆಯ ಗೋಡೆ ಮುಟ್ಟಿದಾಗ ಮುಖ ಕಿವುಚಿದ. ಕೊನೆಯ ಗೋಡೆ ಮುಟ್ಟಿದಾಗ ಬೆರಳನ್ನು ಇನ್ನೊಮ್ಮೆ ನೆಕ್ಕಿ ನೋಡಿದ.

"ಅದು ಉಪ್ಪು. ಇದು ಬರೀ ಮಣ್ಣು."

"ಹೌದು," ಎಂದಳು ಇನ್ಸ್‌ಪೆಕ್ಟರ್. "ಬರೀ ಮಣ್ಣು."

ಈ ಮೂರನೇ ಉಗ್ರಾಣದೊಳಗೆ ಹೋದ ವಾಸ್ತುಶಿಲ್ಪಿ ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕೆಲವು ದಿನಗಳ ಮೇಲೆ ನದಿಯಲ್ಲಿ ಸಿಕ್ಕ ಶವವನ್ನು ಅವನ ಹೆಂಡತಿ ಗುರುತಿಸಿದ್ದಳು. ಕಾಲು ಜಾರಿ ನೀರಿಗೆ ಬಿದ್ದ ಎಂದು ಬರೆದು ಫೈಲು ಮುಚ್ಚಿ ಎಂದು ಮೇಲಿನವರು ಎರಡು ಸಲ ಹೇಳಿಯಾಗಿತ್ತು.

ಇನ್ಸ್‌ಪೆಕ್ಟರ್ ಮುಚ್ಚಿರಲಿಲ್ಲ. ನೀರಿಗೆ ಬೀಳಬೇಕಾದರೆ ಮೊದಲು ಹೊರಗೆ ಬರಬೇಕಲ್ಲ ಎಂಬ ಒಂದೇ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ನದಿಯ ದಂಡೆಯ ಈ ಮೂರು ಉಗ್ರಾಣಗಳಲ್ಲಿ ಹಿಂದೆ ಊರಿಗೆಲ್ಲ ಬೇಕಾದ ಉಪ್ಪನ್ನು ತುಂಬಿಡುತ್ತಿದ್ದರು. ಆ ವ್ಯಾಪಾರ ನಿಂತ ಮೇಲೆ ಬಾವಲಿಗಳು ಬಂದವು, ಬೀದಿನಾಯಿಗಳು ಬಂದವು. ಕೆಡವಿ ಬಯಲು ಮಾಡೋಣ ಎಂದವರೇ ಎಲ್ಲ. ಆಗ ಈ ವಾಸ್ತುಶಿಲ್ಪಿ ಒಬ್ಬನೇ ಅಡ್ಡ ನಿಂತ. ಒಂದು ಇಟ್ಟಿಗೆಯನ್ನೂ ಕದಲಿಸದೆ ಇದನ್ನು ಮ್ಯೂಸಿಯಂ ಮಾಡಿಕೊಡುತ್ತೇನೆ ಎಂದ.

ಮಾಡಿಯೂ ಮಾಡಿದ. ಮೂರು ಉಗ್ರಾಣಗಳನ್ನೂ ಒಂದೇ ಗಾಜಿನ ಸೂರಿನ ಕೆಳಗೆ ತಂದ. ಸೂರು ಕೂತಿದ್ದು ಹಳೆಯ ಗೋಡೆಗಳ ಮೇಲಲ್ಲ, ಪಕ್ಕದಲ್ಲಿ ನಿಲ್ಲಿಸಿದ ತೆಳ್ಳನೆಯ ಉಕ್ಕಿನ ಕಂಬಗಳ ಮೇಲೆ. ಗಾಜಿನ ಹೊರಮೈಗೂ ಹಳೆಯ ಗೋಡೆಗೂ ನಡುವೆ ಒಬ್ಬ ಮನುಷ್ಯ ಪಕ್ಕಕ್ಕೆ ತಿರುಗಿ ನಡೆಯುವಷ್ಟು ಸಂದಿ ಬಿಟ್ಟ. ಹೊಸದು ಹಳೆಯದನ್ನು ಮುಟ್ಟಬಾರದು ಎಂಬುದು ಅವನ ಹಟ. ವಯಸ್ಸಾದವರನ್ನು ಕೈ ಹಿಡಿದು ಎಳೆಯಬಾರದು, ಪಕ್ಕದಲ್ಲಿ ನಡೆದರೆ ಸಾಕು ಎನ್ನುತ್ತಿದ್ದನಂತೆ.

ಗೋಡೆಗಳಿಗೆ ಗಾರೆ ಮೆತ್ತುವುದಕ್ಕೂ ಬಿಡಲಿಲ್ಲ. ಎಷ್ಟೋ ಕಾಲ ಕುಡಿದ ಉಪ್ಪನ್ನು ಇಟ್ಟಿಗೆಗಳು ಈಗಲೂ ಹೊರಗೆ ಹಾಕುತ್ತಿದ್ದವು. ಬಿಳಿಯ ನವಿರು ಪದರ ಗೋಡೆಯ ಮೇಲೆ ಹೂವಿನಂತೆ ಅರಳುತ್ತಿತ್ತು, ಒರೆಸಿದರೆ ಮತ್ತೆ ಬರುತ್ತಿತ್ತು. ಮ್ಯೂಸಿಯಂ ನೋಡಲು ಬರುವವರು ಮೊದಲು ನೋಡಬೇಕಾದದ್ದು ಅದನ್ನೇ ಎಂದು ಅವನು ಹೇಳುತ್ತಿದ್ದ.

ಮೂರನೇ ಉಗ್ರಾಣದ ಕೊನೆಯ ಗೋಡೆ ಮಾತ್ರ ಬೆವರುತ್ತಿರಲಿಲ್ಲ. ಇಟ್ಟಿಗೆ ಹಳೆಯದೇ. ಅಂಚು ಸವೆದಿತ್ತು, ಬಣ್ಣ ಹೊಂದುತ್ತಿತ್ತು. ಆದರೆ ಅದು ಈ ಕಟ್ಟಡದಲ್ಲಿ ಹುಟ್ಟಿ ಬೆಳೆದ ಇಟ್ಟಿಗೆಯಾಗಿರಲಿಲ್ಲ.

"ಯಾರೋ ಎಲ್ಲಿಂದಲೋ ತಂದು ಕಟ್ಟಿದ್ದಾರೆ," ಎಂದಳು ಇನ್ಸ್‌ಪೆಕ್ಟರ್. "ಇತ್ತೀಚೆಗೆ."

"ನಾಳೆ ಉದ್ಘಾಟನೆ ಮೇಡಂ," ಎಂದ ದಫೇದಾರ. ಗಾಜಿನ ಸೂರಿನ ಕೆಳಗೆ ಅಷ್ಟು ದೂರದಲ್ಲಿ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದ ಸದ್ದು ಬರುತ್ತಿತ್ತು. "ಊರಿಗೆ ಊರೇ ಬರುತ್ತೆ. ಈಗ ಗೋಡೆ ವಿಷಯ ಎತ್ತಿದ್ರೆ ನಮ್ಮಿಬ್ಬರನ್ನೂ ಎತ್ತಿ ಎಲ್ಲಿಗೋ ಹಾಕ್ತಾರೆ."

"ನನ್ನನ್ನ ಹಾಕೋಕೆ ಇನ್ನು ಹೊಸ ಜಾಗ ಉಳಿದಿಲ್ಲ," ಎಂದಳು ಅವಳು.

ಅದು ತಮಾಷೆಯ ಮಾತೇನೂ ಆಗಿರಲಿಲ್ಲ. ವರ್ಗವಾಗಿ ಈ ಊರಿಗೆ ಬಂದ ಮೇಲೆ ಅವಳು ಬಾಡಿಗೆಗೆ ಹಿಡಿದ ಮಹಡಿಯ ಮೇಲಿನ ಕೋಣೆಯಲ್ಲಿ ಇನ್ನೂ ಎರಡು ಪೆಟ್ಟಿಗೆಗಳು ಬಿಚ್ಚದೆ ಬಿದ್ದಿದ್ದವು. ಒಂದರಲ್ಲಿ ಕಳೆದ ವರ್ಷ ತೀರಿಕೊಂಡ ಅಮ್ಮನ ಸೀರೆಗಳು. ಅಕ್ಕ ದಿನಾ ಬೆಳಿಗ್ಗೆ ಫೋನಿಗೆ ಹೂವಿನ ಚಿತ್ರ ಕಳಿಸುತ್ತಿದ್ದಳು, ಅದರ ಕೆಳಗೆ ಶುಭೋದಯ ಎಂದಿರುತ್ತಿತ್ತು. ಅದಕ್ಕಿಂತ ಹೆಚ್ಚಿನ ಮಾತು ಅಕ್ಕತಂಗಿಯರ ನಡುವೆ ನಡೆದು ಬಹಳ ಕಾಲವಾಗಿತ್ತು.

"ವಾಸ್ತುಶಿಲ್ಪಿಯ ತಮ್ಮ, ಆ ಕಂಟ್ರಾಕ್ಟರನ್ನ ಕರೆಸಿ," ಎಂದಳು. "ನಾನು ಅವರ ಅತ್ತಿಗೇನ ನೋಡಿಕೊಂಡು ಬರ್ತೀನಿ."

*

ವಾಸ್ತುಶಿಲ್ಪಿಯ ಮನೆ ಮೂರನೇ ಮಹಡಿಯಲ್ಲಿತ್ತು. ಬೇರೆಯವರ ಹಳೆಯ ಕಟ್ಟಡಗಳಿಗೆಲ್ಲ ಬೆಳಕು ತಂದವನ ಮನೆಯಲ್ಲಿ ಹಗಲಲ್ಲೇ ದೀಪ ಹಾಕಬೇಕಿತ್ತು. ಕುರ್ಚಿಗಳ ಮೇಲೆಲ್ಲ ನಕ್ಷೆಯ ಸುರುಳಿಗಳು. ಕೂರಲು ಜಾಗ ಮಾಡಿಕೊಡುವುದಕ್ಕೆ ಅವನ ಹೆಂಡತಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಅರವತ್ತು ದಾಟಿದ, ಎತ್ತರದ, ಮೆಲ್ಲಗೆ ಮಾತಾಡುವ ಹೆಂಗಸು. ಊಟದ ಮೇಜಿನ ಮೇಲೆ ಮ್ಯೂಸಿಯಂನ ರಟ್ಟಿನ ಮಾದರಿ ಇತ್ತು. ಸೂರನ್ನು ತೆಗೆದು ಪಕ್ಕಕ್ಕಿಟ್ಟು, ಒಳಗಿನ ಧೂಳನ್ನು ಸಣ್ಣ ಬ್ರಷ್ಷಿನಿಂದ ಒರೆಸುತ್ತಿದ್ದಳು.

"ಇಲ್ಲೇ ಊಟ ಮಾಡ್ತೀರಾ?" ಕೇಳಿದಳು ಇನ್ಸ್‌ಪೆಕ್ಟರ್.

"ಮಾದರಿ ಬಂದ ಮೇಲೆ ಅಡುಗೆಮನೆ ಕಟ್ಟೆ ಮೇಲೆ ತಟ್ಟೆ ಇಟ್ಕೊಂಡು ನಿಂತೇ ಉಣ್ತೀನಿ. ಅಭ್ಯಾಸ ಆಗಿದೆ."

"ಯಜಮಾನರು?"

"ಅವರಿಗೆ ಹಸಿವು ಅನ್ನೋದು ಕಟ್ಟಡ ಮುಗಿದ ಮೇಲೆ ಆಗ್ತಿತ್ತು." ಆಕೆ ಬ್ರಷ್ಷು ಕೆಳಗಿಟ್ಟಳು. "ಹಳೇ ಕಟ್ಟಡಕ್ಕೆ ಎರಡನೇ ಜೀವ ಕೊಟ್ರು ಅಂತ ಎಲ್ರೂ ಹೊಗಳ್ತಾರೆ ಮೇಡಂ. ಈ ಮನೆಗೆ ಮೊದಲನೇ ಜೀವಾನೇ ಬಂದಿರಲಿಲ್ಲ. ಅದನ್ನ ಯಾರ ಹತ್ರ ಹೇಳೋದು?"

ದೂರುವ ದನಿಯಲ್ಲ. ಮಳೆ ಬರುವ ಹಾಗಿದೆ ಎನ್ನುವಂತೆ ಹೇಳಿದಳು.

"ಅವತ್ತು ಶವಾಗಾರದಲ್ಲಿ ನೀವು ಅವರನ್ನ ಹೇಗೆ ಗುರುತಿಸಿದ್ರಿ ಅಮ್ಮ?"

"ಮೊದಲೂ ಹೇಳಿದ್ದೆ. ಮುಖ ನೋಡೋ ಹಾಗಿರಲಿಲ್ಲ. ಅಂಗಿ ನೋಡಿದೆ. ನಾನೇ ಹೊಲಿಗೆ ಹಾಕಿದ ಅಂಗಿ."

"ನಿಮ್ಮ ಮೈದುನ ನೋಡಲಿಲ್ವಾ?"

"ಅವನು ಬಾಗಿಲಲ್ಲೇ ಕುಸಿದ. ಅತ್ತಿಗೆ, ನೀವು ಹೇಳಿದ್ರೆ ಸಾಕು ಅಂದ. ನಾನು ಹೇಳಿದೆ."

ಇನ್ಸ್‌ಪೆಕ್ಟರ್ ಮಾದರಿಯ ಮೇಲೆ ಬಗ್ಗಿದಳು. ಮೂರನೇ ಉಗ್ರಾಣದ ಕೊನೆಯಲ್ಲಿ ಒಂದೇ ಗೋಡೆ. ಬೆರಳಿನಿಂದ ತೋರಿಸಿದಳು.

"ಇಲ್ಲಿ ಈಗ ಎರಡು ಗೋಡೆ ಇರಬೇಕು. ಮುಂದಿನದು ಆಮೇಲೆ ಕಟ್ಟಿದ್ದು. ನಿಮಗೆ ಗೊತ್ತಿತ್ತಾ?"

ಆಕೆ ಮಾದರಿಯನ್ನು ನೋಡಲಿಲ್ಲ.

"ಗೋಡೆ ವಿಷಯ ನನ್ನ ಮೈದುನನ್ನ ಕೇಳಿ. ಕಟ್ಟೋದು ಅವನ ಕೆಲಸ." ಆಮೇಲೆ ಕೇಳಿದಳು, "ಒಡೀತೀರಾ?"

"ಒಡೀಬೇಕಾಗುತ್ತೆ."

"ಇವತ್ತೇನಾ?"

"ಇವತ್ತೇ."

"ತುಂಬ ಶಬ್ದ ಆಗುತ್ತಾ?"

ಗೋಡೆ ಒಡೆದರೆ ಏನು ಸಿಗುತ್ತದೆ ಎಂದು ಕೇಳುವವರಿದ್ದಾರೆ, ಯಾಕೆ ಒಡೆಯುತ್ತೀರಿ ಎಂದು ಜಗಳಕ್ಕೆ ಬರುವವರಿದ್ದಾರೆ. ಶಬ್ದದ ಬಗ್ಗೆ ಇದುವರೆಗೆ ಯಾರೂ ಕೇಳಿರಲಿಲ್ಲ.

"ಸ್ವಲ್ಪ ಆಗುತ್ತೆ," ಎಂದಳು.

ಆಕೆ ತಲೆಯಾಡಿಸಿ ಮಾದರಿಯ ಸೂರನ್ನು ಎತ್ತಿ ಮತ್ತೆ ಅದರ ಜಾಗದಲ್ಲಿ ಕೂರಿಸಿದಳು. ಇನ್ಸ್‌ಪೆಕ್ಟರ್ ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೂ ಆ ಪ್ರಶ್ನೆ ಅವಳ ಹಿಂದೆಯೇ ಬಂತು.

*

ಕಂಟ್ರಾಕ್ಟರ್ ಉಪ್ಪು ಬೆವರದ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ವಾಸ್ತುಶಿಲ್ಪಿಯ ಬೆನ್ನಿಗೆ ಹುಟ್ಟಿದ ತಮ್ಮ. ಅಗಲ ಭುಜ, ಸಿಮೆಂಟು ತಿಂದು ಒರಟಾದ ಕೈ, ನಿದ್ದೆಯಿಲ್ಲದ ಕಣ್ಣು. ಸಂಜೆಯ ಬಿಸಿಲು ಗಾಜಿನ ಸೂರಿನಿಂದ ಇಳಿದು ಅವನ ಬೂಟಿನ ತುದಿಯವರೆಗೆ ಬಂದಿತ್ತು. ಕೆಲಸದವರನ್ನೆಲ್ಲ ದಫೇದಾರ ಹೊರಗೆ ಕಳಿಸಿದ್ದ.

"ಈ ಗೋಡೆ ಯಾವ ಕಾಲದ್ದು?" ಇನ್ಸ್‌ಪೆಕ್ಟರ್ ಕೇಳಿದಳು.

"ಕಟ್ಟಡದ ಕಾಲದ್ದು."

"ಹಾಗಾದ್ರೆ ಇದಕ್ಕೆ ಮಾತ್ರ ಉಪ್ಪು ಯಾಕಿಲ್ಲ?"

ಅವನು ತಿರುಗಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. ತಾನೇ ಕಟ್ಟಿದ್ದನ್ನು ಮೊದಲ ಸಲ ನೋಡುವವನಂತಿತ್ತು ಅವನ ನೋಟ.

"ಉಪ್ಪಿನ ನೆನಪಾಗಲಿಲ್ಲ," ಎಂದ ಕೊನೆಗೆ. "ಬೀಳಿಸಿದ ಹಳೇ ಶಾಲೆಯ ಇಟ್ಟಿಗೆ ತಂದೆ. ಬಣ್ಣ ಹೊಂದಿಸಿದೆ, ಸಂದು ಹೊಂದಿಸಿದೆ. ಉಪ್ಪು ಮಾತ್ರ ಹೊಳೀಲಿಲ್ಲ."

"ಯಾರು ಕಟ್ಟೋಕೆ ಹೇಳಿದ್ದು?"

"ಅಣ್ಣ."

"ಅಣ್ಣ ಇಲ್ಲ. ಈಗ ಅವರ ಮೇಲೆ ಏನು ಹೇಳಿದ್ರೂ ನಡೆಯುತ್ತೆ."

"ಮೇಡಂ, ನೀವು ಏನು ಬೇಕಾದ್ರೂ ಅಂದುಕೊಳ್ಳಿ. ಸುಳ್ಳು ಹೇಳೋಕೂ ಕೈಲಾಗದಷ್ಟು ಸುಸ್ತಾಗಿದೆ ನನಗೆ."

"ಹಾಗಾದ್ರೆ ನಿಜ ಹೇಳಿ. ಹಿಂದೆ ಏನಿದೆ?"

"ಬಿರುಕು."

ಅವನು ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತ.

"ಸೂರಿನ ಕಂಬಗಳಿಗೆ ಗುಂಡಿ ತೋಡಿದ್ವಲ್ಲ. ಒಂದು ಗುಂಡಿ ಈ ಕೊನೆ ಗೋಡೆಯ ಬುಡಕ್ಕೆ ತೀರಾ ಹತ್ರ ಬಂತು. ಮೇಲೆ ಮುಟ್ಟಬಾರದು ಅಂತ ಅಣ್ಣ ಅಷ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಮಣ್ಣಿನ ಒಳಗೆ ಮುಟ್ಟಿತು. ಒಂದು ದಿನ ಬೆಳಿಗ್ಗೆ ಬಂದು ನೋಡ್ತೀವಿ, ಗೋಡೆ ನೆಲದಿಂದ ನೆತ್ತಿಯವರೆಗೆ ಸೀಳಿದೆ."

"ಮುಚ್ಚಿಬಿಟ್ರಿ."

"ನಾನು ಕೆಲಸ ನಿಲ್ಲಿಸೋಣ ಅಂದೆ. ಅಣ್ಣ ಕೇಳಲಿಲ್ಲ. ಬಿರುಕಿಗೆ ಅಡ್ಡ ಎರಡು ಗಾಜಿನ ಪಟ್ಟಿ ಅಂಟಿಸಿದ. ಗೋಡೆ ಅಲುಗಿದ್ರೆ ಗಾಜು ಒಡೆಯುತ್ತೆ. ಎಷ್ಟೋ ವಾರ ನೋಡಿದ್ವಿ, ಒಡೀಲಿಲ್ಲ. ಬಿರುಕು ಸತ್ತಿದೆ ಅಂದ. ಉದ್ಘಾಟನೆ ಆಗೋವರೆಗೆ ಮುಂದೆ ಒಂದು ಗೋಡೆ ಎಬ್ಬಿಸು, ಆಮೇಲೆ ನಿಧಾನಕ್ಕೆ ಸರಿ ಮಾಡೋಣ ಅಂದ. ಎಬ್ಬಿಸಿದೆ. ನಾವಿಬ್ಬರೇ."

"ಆಮೇಲೆ ಅವರ ಮನಸ್ಸು ಬದಲಾಯ್ತು."

ಅವನು ತಲೆಯೆತ್ತಿದ.

"ನಿಮ್ಮಿಬ್ಬರ ಜಗಳ ಕೇಳಿದವರಿದ್ದಾರೆ," ಎಂದಳು ಇನ್ಸ್‌ಪೆಕ್ಟರ್. "ಅವರು ಕಾಣೆಯಾದ ದಿನ. ಎಲ್ಲಾ ಹೇಳಿಬಿಡ್ತೀನಿ ಅಂತ ಅವರು, ಹೇಳಿದ್ರೆ ನನ್ನ ಕಥೆ ಮುಗೀತು ಅಂತ ನೀವು."

"ಜಗಳ ಆಡಿದ್ದು ನಿಜ."

"ಅದಾದ ಮೇಲೆ ಅವರು ಹೊರಗೆ ಬರಲಿಲ್ಲ. ನೀವು ಬಂದ್ರಿ. ಒಬ್ಬರೇ."

"ನಾನು ಕೋಪದಲ್ಲಿ ಎದ್ದು ಬಂದೆ. ಅವನು ಇಲ್ಲೇ ನಿಂತಿದ್ದ. ತಿರುಗಿ ನೋಡಲಿಲ್ಲ ನಾನು." ಒರಟು ಅಂಗೈಯಿಂದ ಮುಖ ಒರೆಸಿಕೊಂಡ. "ಹುಟ್ಟಿದಾಗಿನಿಂದ ಅವನ ಜೊತೆ ಇದ್ದೀನಿ ಮೇಡಂ. ಮಾತಾಡಿದ್ದೆಲ್ಲ ಇಟ್ಟಿಗೆ, ಸುಣ್ಣ, ಕಬ್ಬಿಣ. ಹೇಗಿದ್ದೀಯ ಅಂತ ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ಗೋಡೆ ಮುಗಿದ ದಿನ ಮಾತ್ರ ನನ್ನ ಕೈ ಹಿಡ್ಕೊಂಡು ಸುಮ್ನೆ ನಿಂತಿದ್ದ. ಅದೇ ಹೆಚ್ಚು ಅನ್ನಿಸಿತ್ತು ನನಗೆ."

ದಫೇದಾರ ನೆಲ ನೋಡುತ್ತ ನಿಂತ. ಹೊರಗೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು. ಹಲೋ, ಹಲೋ ಎಂಬ ದನಿ ಖಾಲಿ ಕುರ್ಚಿಗಳ ಮೇಲೆ ಹಾದು ಇಲ್ಲಿಯವರೆಗೂ ಬಂತು.

"ಗೋಡೆ ಹಿಂದೆ ಬಿರುಕು ಒಂದೇ ಇದೆ ಅಂತ ನಾನು ಹೇಗೆ ನಂಬಲಿ?" ಕೇಳಿದಳು ಇನ್ಸ್‌ಪೆಕ್ಟರ್.

ಅವನು ಎದ್ದ. ಮೂಲೆಗೆ ಹೋಗಿ ಉಳಿ ಮತ್ತು ಸುತ್ತಿಗೆ ತಂದ.

"ನೀವು ನಂಬೋದು ಬೇಡ. ನೋಡಿ."

ಎದೆಯ ಎತ್ತರದಲ್ಲಿ ಒಂದು ಇಟ್ಟಿಗೆಯ ಸಂದಿಗೆ ಉಳಿ ಇಟ್ಟು ಹೊಡೆಯತೊಡಗಿದ. ಗಾರೆ ಪುಡಿಯಾಗಿ ಉದುರಿತು. ಮೊದಲ ಇಟ್ಟಿಗೆ ಹೊರಬರಲು ಹಟ ಮಾಡಿತು, ಆಮೇಲಿನವು ಸಲೀಸಾಗಿ ಬಂದವು. ಬಂದವನ್ನು ಅವನು ಎಸೆಯಲಿಲ್ಲ, ಒಂದರ ಮೇಲೊಂದು ಜೋಡಿಸಿಟ್ಟ. ತೂತು ತಲೆ ತೂರಿಸುವಷ್ಟು ಅಗಲವಾದಾಗ ಒಳಗಿನಿಂದ ತಣ್ಣನೆಯ, ಉಪ್ಪು ಉಪ್ಪಾದ ಗಾಳಿ ಬಂತು.

ಇನ್ಸ್‌ಪೆಕ್ಟರ್ ಟಾರ್ಚು ಹಚ್ಚಿ ಬಗ್ಗಿದಳು.

ಎರಡು ಗೋಡೆಗಳ ನಡುವೆ ಒಂದು ಉದ್ದನೆಯ ಓಣಿ. ಅದರ ಎರಡೂ ತುದಿ ಕತ್ತಲಲ್ಲಿ ಕರಗಿದ್ದವು. ಎಡಗಡೆ ನೆಲದ ಹತ್ತಿರ ಮಾತ್ರ ಹಗಲಿನ ತೆಳ್ಳನೆಯ ಗೆರೆ.

"ಅಲ್ಲಿ ಬೆಳಕು ಎಲ್ಲಿಂದ?"

"ಹಿಂದಿನವರು ಮೂಟೆ ಎಳ್ಕೊಳ್ತಿದ್ದ ಕಂಡಿ," ಎಂದ ಕಂಟ್ರಾಕ್ಟರ್. "ಹೊರಗೆ ಗಾಜಿನ ಸಂದಿಗೆ ತೆರೆದುಕೊಳ್ಳುತ್ತೆ. ಅದನ್ನ ಮುಚ್ಚೋಕೆ ಅಣ್ಣ ಬಿಡಲಿಲ್ಲ. ಗಾಳಿ ಆಡ್ಲಿ ಅಂದ."

ಟಾರ್ಚಿನ ಬೆಳಕು ಎದುರಿನ ಗೋಡೆಯ ಮೇಲೆ ಬಿತ್ತು. ನಿಜವಾದ ಕೊನೆಯ ಗೋಡೆ. ಮೈತುಂಬ ಬಿಳಿಯ ಉಪ್ಪು. ಅದರ ನಡುವೆ ಬಿರುಕು ಕಪ್ಪಗೆ, ವಕ್ರವಾಗಿ ಮೇಲಕ್ಕೆ ಹೋಗಿತ್ತು. ಬಿರುಕಿಗೆ ಅಡ್ಡಲಾಗಿ, ಒಂದರ ಕೆಳಗೊಂದು, ಗಾಜಿನ ಪಟ್ಟಿಗಳು.

"ಎಷ್ಟು ಪಟ್ಟಿ ಅಂಟಿಸಿದ್ರಿ ಅಂದ್ರಿ?"

"ಎರಡು."

"ಬಂದು ನೋಡಿ."

ಅವನು ಪಕ್ಕಕ್ಕೆ ಬಂದು ತಲೆ ತೂರಿಸಿದ.

ಏಣಿಯ ಮೆಟ್ಟಿಲಿನಂತೆ ಗಾಜಿನ ಪಟ್ಟಿಗಳು ಮೇಲಿಂದ ಕೆಳಗಿನವರೆಗೆ ಇದ್ದವು. ಎಲ್ಲದರ ತುದಿಗೂ ಸುಣ್ಣದ ಗಾರೆ ಮೆತ್ತಿತ್ತು. ಮೇಲಿನವು ಸರಿಯಾಗಿ ನಡುವಿಗೆ ಸೀಳಿ ಎರಡಾಗಿದ್ದವು. ಒಂದು ಒಡೆದಾಗ ಇನ್ನೊಂದು, ಅದೂ ಒಡೆದಾಗ ಮತ್ತೊಂದು ಎಂದು ಯಾರೋ ಬಿಡದೆ ಅಂಟಿಸುತ್ತಲೇ ಇದ್ದರು.

"ಸತ್ತಿಲ್ಲ," ಎಂದ ಕಂಟ್ರಾಕ್ಟರ್. "ಬಿರುಕು ಸತ್ತಿಲ್ಲ. ಗೋಡೆ ನಡೀತಿದೆ ಮೇಡಂ. ಇದು ಕೂತ್ರೆ ಕಂಬ ಕೂರುತ್ತೆ, ಕಂಬ ಕೂತ್ರೆ ಮೇಲಿನ ಗಾಜು..."

"ದಫೇದಾರ್ರೇ," ಇನ್ಸ್‌ಪೆಕ್ಟರ್ ತಿರುಗದೆ ಹೇಳಿದಳು, "ಹೊರಗೆ ಹೋಗಿ ಎಲ್ಲರನ್ನೂ ಸೂರಿನ ಕೆಳಗಿಂದ ಕಳಿಸಿ. ಕುರ್ಚಿ ಅಲ್ಲೇ ಇರಲಿ. ನಾಳೆ ಯಾವ ಸಮಾರಂಭವೂ ಇಲ್ಲ ಅಂತ ಹೇಳಿ. ಯಾರು ಹೇಳಿದ್ದು ಅಂದ್ರೆ ನನ್ನ ಕಡೆ ಕೈ ತೋರಿಸಿ."

ದಫೇದಾರನ ಬೂಟಿನ ಸದ್ದು ದೂರವಾಯಿತು. ಇನ್ನೊಂದು ಹೆಜ್ಜೆಯ ಸದ್ದು ಹತ್ತಿರ ಬಂದು ನಿಂತದ್ದನ್ನು ಆಗ ಇಬ್ಬರೂ ಗಮನಿಸಲಿಲ್ಲ.

ಟಾರ್ಚು ಕೆಳಗಿಳಿಯಿತು. ಎಲ್ಲಕ್ಕಿಂತ ಕೆಳಗಿದ್ದ ಪಟ್ಟಿ ಇಡಿಯಾಗಿತ್ತು. ಅದರ ತುದಿಯ ಗಾರೆ ಉಳಿದವುಗಳಿಗಿಂತ ಬೇರೆ ಬಣ್ಣದಲ್ಲಿತ್ತು. ಇನ್ಸ್‌ಪೆಕ್ಟರ್ ತೋಳನ್ನು ತೂತಿನೊಳಗೆ ಚಾಚಿದಳು. ಬೆರಳು ಇನ್ನೇನು ತಲುಪಬೇಕು.

"ಮುಟ್ಬೇಡಿ ಮೇಡಂ. ಅದಿನ್ನೂ ಹಸಿ ಇದೆ."

ಇನ್ಸ್‌ಪೆಕ್ಟರ್ ಕೈಯನ್ನು ಹಿಂದಕ್ಕೆ ತೆಗೆದು ನಿಧಾನವಾಗಿ ತಿರುಗಿದಳು.

ವಾಸ್ತುಶಿಲ್ಪಿಯ ಹೆಂಡತಿ ಉಗ್ರಾಣದ ನಡುವೆ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಅಲ್ಲಿಂದ ತೂತಿನೊಳಗೆ ಏನೂ ಕಾಣುವ ಹಾಗಿರಲಿಲ್ಲ. ಕಾಣುತ್ತಿದ್ದದ್ದು ಇವರಿಬ್ಬರ ಬೆನ್ನು ಮಾತ್ರ.

"ಯಾವುದು ಹಸಿ ಇದೆ ಅಮ್ಮ?" ಇನ್ಸ್‌ಪೆಕ್ಟರ್ ಕೇಳಿದಳು.

ಆಕೆ ಚೀಲವನ್ನು ಎದೆಗೆ ಅವಚಿಕೊಂಡಳು. ಆಕೆಯ ಮುಖದಲ್ಲಿ ಸಿಕ್ಕಿಬಿದ್ದವರ ಹೆದರಿಕೆ ಇರಲಿಲ್ಲ. ಬಹಳ ದೂರ ಒಬ್ಬಳೇ ಏನನ್ನೋ ಹೊತ್ತು ತಂದು, ಇನ್ನು ಕೆಳಗಿಡಬಹುದೇ ಎಂದು ಕೇಳುವ ದಣಿವು ಇತ್ತು.

"ಬೆಳಿಗ್ಗೆ ಅಂಟಿಸಿರೋದು. ನಾನೇ ಸುಣ್ಣ ಕಲಸಿಕೊಟ್ಟೆ," ಎಂದಳು. "ಟಾರ್ಚ್ ಆರಿಸಿ. ಬೆಳಕು ಬಿದ್ರೆ ಅವರು ಮಾತಾಡಲ್ಲ. ಇನ್ನೂ ಒಳಗೆ ಹೋಗಿಬಿಡ್ತಾರೆ. ಬಿರುಕು ನಿಲ್ಲೋವರೆಗೆ ಹೊರಗೆ ಬರಲ್ಲ ಅಂತಾರೆ."

ಇನ್ಸ್‌ಪೆಕ್ಟರ್ ಟಾರ್ಚು ಆರಿಸಿದಳು. ಓಣಿಯ ಬಲತುದಿಯ ಕತ್ತಲಲ್ಲಿ, ಅವಳು ಇನ್ನೂ ಬೆಳಕು ಹಾಯಿಸಿರದ ಕಡೆಯಲ್ಲಿ, ಯಾರೋ ಉಸಿರನ್ನು ಮೆಲ್ಲಗೆ ಹೊರಗೆ ಬಿಟ್ಟರು.

ಕಂಟ್ರಾಕ್ಟರ್ ಕೈಯಿಂದ ಸುತ್ತಿಗೆ ಜಾರಿತು. ಅವನು ತೂತಿನ ಕಡೆ ನೋಡಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ.

"ಅವತ್ತು ನಾನು ಹೆಗಲು ಕೊಟ್ಟಿದ್ದು ಯಾರಿಗೆ ಅತ್ತಿಗೆ?"